ಯಾವ ಜರ್ಮನ್ ಪಿಲ್ಸ್ ಯಾರಿಗೆ? ಯೇಫರ್‌ನಿಂದ ರೋಟ್‌ಹೌಸ್‌ವರೆಗೆ

ಜರ್ಮನಿಯ ಯಾವುದೇ ಸೂಪರ್ ಮಾರ್ಕೆಟ್‌ಗೆ ಹೋಗಿ ಬಿಯರ್ ಸಾಲಿನ ಮುಂದೆ ನಿಂತರೆ ಹತ್ತಾರು ಬಾಟಲಿಗಳ ಮೇಲೆ ಪಿಲ್ಸ್ ಅಂತಲೇ ಬರೆದಿರುತ್ತದೆ. ಎಲ್ಲದರ ಬಣ್ಣವೂ ತಿಳಿ ಹೊಂಬಣ್ಣ. ಬಹುಪಾಲು ಬಾಟಲಿಗಳಲ್ಲಿ ಆಲ್ಕೋಹಾಲ್ ಶೇ 4.8 ಅಥವಾ 4.9. ಬೆಲೆಯಲ್ಲೂ ಅಂಥ ವ್ಯತ್ಯಾಸ ಇರುವುದಿಲ್ಲ. ಹಾಗಾಗಿ ಓದಲು, ಕೆಲಸಕ್ಕೆ ಅಂತ ಹೊಸದಾಗಿ ಬಂದ ನಮ್ಮವರು ಆ ವಾರ ಯಾವುದಕ್ಕೆ ಆಫರ್ ಇದೆಯೋ ಅದನ್ನು ಎತ್ತಿಕೊಳ್ಳುತ್ತಾರೆ. ಕುಡಿದ ಮೇಲೆ "ಎಲ್ಲಾ ಪಿಲ್ಸೂ ಒಂದೇ" ಅಂತ ತೀರ್ಮಾನ ಮಾಡಿಬಿಡುತ್ತಾರೆ. ಇದು ನಿಜವಲ್ಲ. ಉತ್ತರ ಸಮುದ್ರದ ದಡದ ಪಿಲ್ಸ್‌ಗೂ ದಕ್ಷಿಣದ ಕಪ್ಪು ಕಾಡಿನ (ಬ್ಲ್ಯಾಕ್ ಫಾರೆಸ್ಟ್) ಬೆಟ್ಟದ ಪಿಲ್ಸ್‌ಗೂ ಇರುವ ದೂರವನ್ನು ನಾಲಿಗೆ ಒಂದೇ ಗುಟುಕಿಗೆ ಹೇಳುತ್ತದೆ, ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡರೆ ಸಾಕು.

ಅವಸರ ಇದ್ದವರಿಗೆ ಮೊದಲೇ ಹೇಳಿಬಿಡುತ್ತೇನೆ. ಕಹಿ ಇಷ್ಟವಿದ್ದರೆ ಯೇಫರ್ ತಗೊಳ್ಳಿ. ಕಹಿಯ ಜೊತೆ ಮಾಲ್ಟ್‌ನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ಮೆತ್ತನೆಯ ರುಚಿಯೂ ಬೇಕಿದ್ದರೆ ರೋಟ್‌ಹೌಸ್ ಟಾನೆನ್‌ತ್ಸೆಪ್ಫ್ಲೆ. ನಾಲ್ಕು ಜನ ಬರುತ್ತಾರೆ, ಯಾರ ರುಚಿ ಏನು ಅಂತ ಗೊತ್ತಿಲ್ಲ ಅಂದರೆ ಬಿಟ್‌ಬುರ್ಗರ್. ಊಟದ ಜೊತೆಗೆ ನಿಧಾನವಾಗಿ ಕುಡಿಯಲು ರಾಡೆಬೆರ್ಗರ್. ಕಹಿ ನಿಮಗೆ ಆಗುವುದೇ ಇಲ್ಲ ಅಂದರೆ ಪಿಲ್ಸ್ ಸಾಲನ್ನು ಬಿಟ್ಟು ಹೆಲ್ಲೆಸ್ ಅನ್ನುವ ಕಹಿ ಕಡಿಮೆ ಇರುವ ತಿಳಿ ಬಿಯರ್ ಕಡೆ ಹೋಗಿ. ಅದರಲ್ಲಿ ಏನೂ ತಪ್ಪಿಲ್ಲ. ಬವೇರಿಯಾದವರು ದಿನಾ ಕುಡಿಯುವುದು ಅದನ್ನೇ.

ಇನ್ನು ಕಾರಣಗಳು.

ಪಿಲ್ಸ್ ಹುಟ್ಟಿದ್ದು ಜರ್ಮನಿಯಲ್ಲಿ ಅಲ್ಲ. ಈಗಿನ ಚೆಕ್ ದೇಶದ ಪಿಲ್ಸೆನ್ ಊರಿನಲ್ಲಿ 1842ರಲ್ಲಿ ಯೋಸೆಫ್ ಗ್ರೋಲ್ ಎಂಬ ಬವೇರಿಯಾದ ಬ್ರೂವರ್ ಇದನ್ನು ಮೊದಲು ಮಾಡಿದ. ತಿಳಿ ಬಣ್ಣದ ಮಾಲ್ಟ್, ಪಕ್ಕದ ಸೀಮೆಯ ಸಾಟ್ಸ್ ಹಾಪ್ಸ್ (ಬಿಯರ್‌ಗೆ ಕಹಿ, ವಾಸನೆ ಕೊಡುವ ಹೂವು), ಖನಿಜಾಂಶ ತುಂಬಾ ಕಡಿಮೆ ಇರುವ ಅಲ್ಲಿನ ಮೆದು ನೀರು, ತಣ್ಣಗೆ ಹುದುಗುವ ಬವೇರಿಯಾ ಪದ್ಧತಿಯ ಯೀಸ್ಟ್. ಇಷ್ಟೂ ಸೇರಿ ಆ ಹೊಂಬಣ್ಣದ ಬಿಯರ್ ಬಂತು. ಅದು ರೈಲು ಹತ್ತಿ ಯೂರೋಪಿನ ತುಂಬಾ ಓಡಾಡಿತು. ಜರ್ಮನಿಯ ಬ್ರೂವರಿಗಳು ಅದನ್ನು ತಮ್ಮ ನೀರಿಗೆ, ತಮ್ಮ ಹಾಪ್ಸ್‌ಗೆ ತಕ್ಕಂತೆ ಬದಲಿಸಿಕೊಂಡವು. ಡ್ರೆಸ್ಡೆನ್ ಹತ್ತಿರದ ರಾಡೆಬೆರ್ಗ್‌ನಲ್ಲಿ 1872ರಲ್ಲಿ ಶುರುವಾದ ಬ್ರೂವರಿ ಪಿಲ್ಸ್ ಒಂದನ್ನೇ ಮಾಡುತ್ತೇವೆ ಅಂತ ಹೊರಟಿತು. ಐಫೆಲ್ ಬೆಟ್ಟಸೀಮೆಯ ಬಿಟ್‌ಬುರ್ಗ್‌ನಲ್ಲಿ ಥಿಯೋಬಾಲ್ಡ್ ಸಿಮೋನ್ 1883ರಲ್ಲಿ ತನ್ನ ಮೊದಲ ಪಿಲ್ಸ್ ಮಾಡಿದ. ಕಾರ್ಲ್ ಫಾನ್ ಲಿಂಡೆಯ ತಂಪು ಯಂತ್ರಗಳು ಬಂದದ್ದೂ ಇದೇ ಕಾಲಕ್ಕೆ. ಅದರಿಂದ ಬೇಸಿಗೆಯಲ್ಲೂ ತಣ್ಣಗೆ ಹುದುಗಿಸುವುದು ಸಾಧ್ಯವಾಯಿತು. ನಮ್ಮ ಊರಿನ ಹೆಸರನ್ನು ಇವರು ಬಳಸುವುದು ಸರಿಯಲ್ಲ ಅಂತ ಪಿಲ್ಸೆನ್‌ನವರು ಕೋರ್ಟಿಗೂ ಹೋದರು. 1913ರಲ್ಲಿ ಜರ್ಮನಿಯ ಆಗಿನ ಸರ್ವೋಚ್ಚ ನ್ಯಾಯಾಲಯ ಬಿಟ್‌ಬುರ್ಗ್‌ನವರ ಪರವಾಗಿ ತೀರ್ಪು ಕೊಟ್ಟಿತು: ಪಿಲ್ಸ್ ಅನ್ನುವುದು ಬಿಯರ್‌ನ ಒಂದು ಬಗೆ, ಎಲ್ಲಿ ಮಾಡಿದ್ದು ಅಂತ ಜೊತೆಗೆ ಹೇಳಿದರೆ ಸಾಕು.

ಚೆಕ್ ಪಿಲ್ಸ್‌ಗೂ ಜರ್ಮನ್ ಪಿಲ್ಸ್‌ಗೂ ಇರುವ ವ್ಯತ್ಯಾಸ ಗೊತ್ತಿದ್ದರೆ ಆಯ್ಕೆ ಸುಲಭವಾಗುತ್ತದೆ. ಚೆಕ್ ಬಿಯರ್ ಬಣ್ಣದಲ್ಲಿ ಸ್ವಲ್ಪ ಗಾಢ, ಬಾಯಲ್ಲಿ ಸ್ವಲ್ಪ ದಪ್ಪ. ಮಾಲ್ಟ್‌ನ ಸಿಹಿ ಒಂಚೂರು ಉಳಿದಿರುತ್ತದೆ, ಕಹಿ ಆ ಸಿಹಿಯ ಮೇಲೆ ಕೂರುತ್ತದೆ. ಜರ್ಮನ್ ಪಿಲ್ಸ್‌ನಲ್ಲಿ ಯೀಸ್ಟ್ ಸಕ್ಕರೆಯನ್ನು ಬಹುತೇಕ ಪೂರ್ತಿ ತಿಂದು ಮುಗಿಸಿರುತ್ತದೆ. ಬಣ್ಣ ತೆಳು, ಮೈ ಹಗುರ, ಕೊನೆ ಒಣ ಒಣ. ಸಿಹಿಯ ಹೊದಿಕೆ ಇಲ್ಲದ್ದರಿಂದ ಹಾಪ್ಸ್‌ನ ಕಹಿ ನೇರವಾಗಿ ನಾಲಿಗೆಗೆ ತಾಗುತ್ತದೆ. ನೀರಿನಲ್ಲಿ ಸಲ್ಫೇಟ್ ಜಾಸ್ತಿ ಇದ್ದರೆ ಆ ಕಹಿ ಇನ್ನೂ ಚೂಪಾಗುತ್ತದೆ.

ಕಹಿಯನ್ನು ಅಳೆಯಲು ಐಬಿಯು ಅನ್ನುವ ಲೆಕ್ಕ ಇದೆ. ಜರ್ಮನ್ ಪಿಲ್ಸ್‌ಗೆ ಸಾಮಾನ್ಯವಾಗಿ 22ರಿಂದ 40 ಅನ್ನುತ್ತಾರೆ. ಇದೇ ವ್ಯಾಪ್ತಿಯೊಳಗೆ ಎರಡು ಬೇರೆಬೇರೆ ಬಿಯರ್‌ಗಳೇ ಇವೆ ಅಂತ ಧೈರ್ಯವಾಗಿ ಹೇಳಬಹುದು. 25ರ ಪಿಲ್ಸ್ ಸುಮ್ನೆ ಕುಡಿದುಕೊಂಡು ಮಾತಾಡುತ್ತಾ ಕೂರುವಂಥದ್ದು, 38ರ ಪಿಲ್ಸ್ ಮಾತಿನ ಮಧ್ಯೆ ನಿಮ್ಮ ಗಮನ ಕೇಳುತ್ತದೆ. ಆದರೆ ಸಂಖ್ಯೆ ಬಾಟಲಿಯ ಮೇಲೆ ಸಾಮಾನ್ಯವಾಗಿ ಇರುವುದಿಲ್ಲ. ಒಂದು ಸ್ಥೂಲ ಲೆಕ್ಕ ಇಟ್ಟುಕೊಳ್ಳಿ: ಉತ್ತರಕ್ಕೆ ಹೋದಷ್ಟೂ ಪಿಲ್ಸ್ ಒಣಗುತ್ತದೆ, ಕಹಿ ಏರುತ್ತದೆ. ದಕ್ಷಿಣಕ್ಕೆ ಬಂದಷ್ಟೂ ಮಾಲ್ಟ್ ಮುಂದೆ ಬರುತ್ತದೆ. ಇದಕ್ಕೆ ಅಪವಾದಗಳಿವೆ, ಮುಂದೆ ಹೇಳುತ್ತೇನೆ.

ಯೇಫರ್: ಕಹಿಯ ಉತ್ತರ ತುದಿ

ಇಂಗ್ಲಿಷಿನಲ್ಲಿ ಓದಿದರೆ ಜೆವರ್ ಅನ್ನಿಸುತ್ತದೆ, ಅಲ್ಲಿನವರು ಹೇಳುವುದು ಯೇಫರ್. ಅದು ಊರಿನ ಹೆಸರು. ಜರ್ಮನಿಯ ವಾಯವ್ಯ ಮೂಲೆಯಲ್ಲಿ, ಉತ್ತರ ಸಮುದ್ರದಿಂದ ಸ್ವಲ್ಪವೇ ಒಳಗೆ, ಫ್ರೀಸ್‌ಲಾಂಡ್ ಜಿಲ್ಲೆಯ ಪುಟ್ಟ ಪಟ್ಟಣ. ಸುತ್ತ ಚಪ್ಪಟೆ ನೆಲ, ಹುಲ್ಲುಗಾವಲು, ಕಡಲನ್ನು ತಡೆಯುವ ಮಣ್ಣಿನ ಒಡ್ಡುಗಳು, ಒಡ್ಡಿನ ಮೇಲೆ ಮೇಯುವ ಕುರಿಗಳು. ಇಲ್ಲಿ 1848ರಲ್ಲಿ ಡೀಡ್‌ರಿಶ್ ಕ್ಯೋನಿಗ್ ಎಂಬಾತ ಬ್ರೂವರಿ ಶುರು ಮಾಡಿದ. ಇವತ್ತು ಊರಿನ ಮಧ್ಯೆ ಕನ್ನಡಿ ಗಾಜಿನ ಎರಡು ದೊಡ್ಡ ಗೋಪುರಗಳು ನಿಂತಿವೆ. ಬಿಯರ್ ಹುದುಗುವ ಟ್ಯಾಂಕುಗಳು ಇರುವುದು ಅವುಗಳೊಳಗೆ. ಆ ಸೀಮೆಯ ಜನ ಚಹಾಕ್ಕೂ ಹೆಸರುವಾಸಿ. ಪೂರ್ವ ಫ್ರೀಸಿಯಾದ ಚಹಾ ಅಂದರೆ ಮುಖ್ಯವಾಗಿ ನಮ್ಮ ಅಸ್ಸಾಮಿನ ಕಡು ಎಲೆ, ಕಲ್ಲುಸಕ್ಕರೆ, ಮೇಲೊಂದು ಚಮಚ ಕೆನೆ. ಇಷ್ಟು ಕಡಕ್ ಚಹಾ ಕುಡಿಯುವ ಜನ ತಮ್ಮ ಬಿಯರ್ ಕೂಡ ಕಡಕ್ ಆಗಿರಲಿ ಅಂದುಕೊಂಡಿದ್ದರೆ ನನಗೆ ಆಶ್ಚರ್ಯವಿಲ್ಲ.

ಬಾಟಲಿ ಹಸಿರು. ಆಲ್ಕೋಹಾಲ್ ಶೇ 4.9. ಗ್ಲಾಸಿಗೆ ಸುರಿದರೆ ತಿಳಿ ಹುಲ್ಲಿನ ಬಣ್ಣ, ಬಿಳಿ ನೊರೆ. ಮೂಗಿಗೆ ಮೊದಲು ಬರುವುದು ಒಣಹುಲ್ಲು, ಹಸಿ ಸೊಪ್ಪು, ಸ್ವಲ್ಪ ಮೂಲಿಕೆಯ ವಾಸನೆ. ಹಣ್ಣಿನ ವಾಸನೆ ಹುಡುಕಬೇಡಿ, ಸಿಗುವುದಿಲ್ಲ. ಬಾಯಿಗಿಟ್ಟಾಗ ಒಂದು ಕ್ಷಣ ಬಾರ್ಲಿಯ ತೆಳು ಸಿಹಿ ಸಿಕ್ಕಹಾಗೆ ಆಗುತ್ತದೆ, ಅಷ್ಟರಲ್ಲೇ ಕಹಿ ನಾಲಿಗೆಯ ಹಿಂಭಾಗದಿಂದ ಎದ್ದು ಬರುತ್ತದೆ, ನುಂಗಿದ ಮೇಲೂ ಗಂಟಲಿನಲ್ಲಿ ಉಳಿಯುತ್ತದೆ, ಬಾಯಿ ಒಣಗಿಸುತ್ತದೆ, ಆ ಒಣಗಿದ ಬಾಯಿಯೇ ಮುಂದಿನ ಗುಟುಕು ಕೇಳುತ್ತದೆ. ಮೊದಲ ಅರ್ಧ ಗ್ಲಾಸ್ ಕೆಲವರಿಗೆ ಕಷ್ಟ. ಎರಡನೇ ಅರ್ಧಕ್ಕೆ ನಾಲಿಗೆ ಹೊಂದಿಕೊಳ್ಳುತ್ತದೆ. ಆಮೇಲೆ ಬೇರೆ ಪಿಲ್ಸ್ ಕುಡಿದರೆ ಏನೋ ಕಮ್ಮಿ ಅನ್ನಿಸಲು ಶುರುವಾಗುತ್ತದೆ.

ಈ ಕಹಿ ಎಲ್ಲಿಂದ ಬರುತ್ತದೆ? ಹಾಪ್ಸ್ ಹೂವಿನೊಳಗೆ ಆಲ್ಫಾ ಆಮ್ಲ ಅನ್ನುವ ವಸ್ತು ಇದೆ. ಹೂವನ್ನು ಬರೀ ನೀರಿನಲ್ಲಿ ನೆನೆಸಿದರೆ ಅದು ಸರಿಯಾಗಿ ಕರಗುವುದಿಲ್ಲ. ಮಾಲ್ಟ್‌ನ ರಸದಲ್ಲಿ ಗಂಟೆ, ಒಂದೂವರೆ ಗಂಟೆ ಕುದಿಸಿದಾಗ ಅದರ ರೂಪ ಬದಲಾಗಿ, ಕರಗಿ, ಕಹಿ ಕೊಡುತ್ತದೆ. ಕುದಿಯ ಶುರುವಿನಲ್ಲಿ ಹಾಕಿದ ಹಾಪ್ಸ್ ಕಹಿಗೆ, ಕೊನೆಯಲ್ಲಿ ಹಾಕಿದ್ದು ವಾಸನೆಗೆ. ಪಿಲ್ಸ್ ಮಾಡುವವರ ಕೈಚಳಕ ಇರುವುದು ಈ ಎರಡರ ಅಳತೆಯಲ್ಲಿ, ಆಮೇಲೆ ಸೊನ್ನೆ ಡಿಗ್ರಿಯ ಹತ್ತಿರ ವಾರಗಟ್ಟಲೆ ಕಾಯುವ ತಾಳ್ಮೆಯಲ್ಲಿ. ಕಾಯದೆ ಇಳಿಸಿದ ಬಿಯರ್‌ನ ಕಹಿ ಒರಟಾಗಿರುತ್ತದೆ, ನಾಲಿಗೆಯನ್ನು ಕೆರೆಯುತ್ತದೆ. ಯೇಫರ್‌ನ ಕಹಿ ಜೋರಾಗಿದ್ದರೂ ಶುದ್ಧವಾಗಿದೆ, ಒಗರು ಇಲ್ಲ. ನನಗೆ ಅದರ ಮೇಲೆ ಪ್ರೀತಿ ಬಂದಿದ್ದು ಈ ಕಾರಣಕ್ಕೆ.

ಹಳೆಯ ಕುಡಿಯುವವರು "ಮುಂಚೆ ಇನ್ನೂ ಕಹಿ ಇತ್ತು" ಅನ್ನುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ, ಯಾಕೆಂದರೆ ಒಟ್ಟಾರೆ ಜರ್ಮನ್ ಪಿಲ್ಸ್‌ಗಳ ಕಹಿ ಕಳೆದ ಕೆಲವು ದಶಕಗಳಲ್ಲಿ ಇಳಿಯುತ್ತಾ ಬಂದಿದೆ. ಎಲ್ಲರಿಗೂ ಹಿಡಿಸಬೇಕು, ಎಲ್ಲ ಊರಲ್ಲೂ ಮಾರಾಟವಾಗಬೇಕು ಅಂತ ಹೊರಟಾಗ ಮೊದಲು ಕತ್ತರಿ ಬೀಳುವುದು ಕಹಿಗೇ. ಯೇಫರ್ ಕೂಡ ಈಗ ಸ್ವತಂತ್ರ ಕಂಪನಿಯಲ್ಲ, ರಾಡೆಬೆರ್ಗರ್ ಸಮೂಹದ ಭಾಗ. ಆದರೂ ದೇಶದ ಎಲ್ಲ ಕಡೆ ಸಿಗುವ ದೊಡ್ಡ ಹೆಸರುಗಳಲ್ಲಿ ಇಷ್ಟು ಕಹಿ ಉಳಿಸಿಕೊಂಡದ್ದು ಇದೇ. ಅದಕ್ಕೇ ನನ್ನ ಅಳತೆಗೋಲು ಯೇಫರ್. ಬೇರೆ ಯಾವ ಪಿಲ್ಸ್ ಸಿಕ್ಕರೂ ಅದಕ್ಕಿಂತ ಎಷ್ಟು ಮೆದು, ಎಷ್ಟು ಸಿಹಿ ಅಂತ ನೋಡುತ್ತೇನೆ.

ಒಂದು ಎಚ್ಚರಿಕೆ. ಹಸಿರು ಗಾಜು ಬೆಳಕನ್ನು ಕಂದು ಗಾಜಿನಷ್ಟು ತಡೆಯುವುದಿಲ್ಲ. ಬೆಳಕು ತಾಗಿದರೆ ಹಾಪ್ಸ್‌ನ ಅಂಶ ಒಡೆದು ಗಂಧಕದ ಕೆಟ್ಟ ವಾಸನೆ ಬರುತ್ತದೆ. ಕಹಿ ಜಾಸ್ತಿ ಇರುವ ಬಿಯರ್‌ನಲ್ಲಿ ಈ ಅಪಾಯವೂ ಜಾಸ್ತಿ. ಕಿಟಕಿಯ ಪಕ್ಕ, ಟ್ಯೂಬ್‌ಲೈಟ್ ಕೆಳಗೆ ಮುಂದಿನ ಸಾಲಿನಲ್ಲಿ ನಿಂತಿರುವ ಬಾಟಲಿ ಬೇಡ. ಕ್ರೇಟ್‌ನ ಒಳಗಿಂದ, ಹಿಂದಿನ ಸಾಲಿನಿಂದ ತೆಗೆಯಿರಿ. ಕ್ಯಾನ್ ಸಿಕ್ಕರೆ ಯೇಫರ್‌ನ ಮಟ್ಟಿಗೆ ಕ್ಯಾನೇ ಒಳ್ಳೆಯದು ಅಂತ ನಾನು ಹೇಳುತ್ತೇನೆ, ನೋಡಲು ಬಾಟಲಿ ಚೆಂದ ಇದ್ದರೂ.

ಫ್ಲೆನ್ಸ್‌ಬುರ್ಗರ್

ಡೆನ್ಮಾರ್ಕ್ ಗಡಿಯ ಫ್ಲೆನ್ಸ್‌ಬುರ್ಗ್ ಊರಿನದು, 1888ರಿಂದ ಇದೆ, ಶೇ 4.8. ಕಂದು ಬಾಟಲಿಗೆ ತಂತಿಯ ಕೊಂಡಿ ಇರುವ ಮುಚ್ಚಳ. ಹೆಬ್ಬೆರಳಿನಿಂದ ಒತ್ತಿದರೆ ಪ್ಲಾಪ್ ಅಂತ ಸದ್ದು, ಆ ಸದ್ದಿಗೇ ಅಭಿಮಾನಿಗಳಿದ್ದಾರೆ. ರುಚಿಯಲ್ಲಿ ಯೇಫರ್‌ಗೆ ಹತ್ತಿರದ ನೆಂಟ: ಒಣ, ಕಹಿ, ಉತ್ತರದ ಗತ್ತು. ಆದರೆ ಅಂಚು ಸ್ವಲ್ಪ ದುಂಡಗಿದೆ, ಮಾಲ್ಟ್‌ಗೆ ಇನ್ನೊಂದು ಚೂರು ಜಾಗ ಸಿಗುತ್ತದೆ. ಯೇಫರ್ ಕುಡಿಯಬೇಕು ಅಂತ ಆಸೆ, ಆದರೆ ಕಹಿಗೆ ಹೆದರಿಕೆ ಇರುವವರು ಇಲ್ಲಿಂದ ಶುರು ಮಾಡಬಹುದು. ಕಂದು ಬಾಟಲಿಯಾದ್ದರಿಂದ ಬೆಳಕಿನ ಚಿಂತೆಯೂ ಕಡಿಮೆ. ಠೇವಣಿ ಮಾತ್ರ ಜಾಸ್ತಿ: ಮಾಮೂಲಿ ಬಾಟಲಿಗೆ 8 ಸೆಂಟ್, ಈ ಕೊಂಡಿ ಬಾಟಲಿಗೆ 15 ಸೆಂಟ್. ವಾಪಸ್ ಕೊಟ್ಟರೆ ಸಿಗುತ್ತದೆ, ಎಸೆಯಬೇಡಿ.

ಟೀವಿ ಜಾಹೀರಾತಿನ ಪಿಲ್ಸ್‌ಗಳು

ಕ್ರೊಂಬಾಖರ್, ವಾರ್‌ಸ್ಟೈನರ್, ಫೆಲ್ಟಿನ್ಸ್. ಮೂರೂ ಪಶ್ಚಿಮ ಜರ್ಮನಿಯ ಕಾಡು ಬೆಟ್ಟಗಳ ಊರಿನವು, ಮೂರೂ ಶೇ 4.8, ಮೂರನ್ನೂ ಫುಟ್‌ಬಾಲ್ ಪಂದ್ಯದ ನಡುವೆ ನೋಡಿರುತ್ತೀರಿ. ಚೊಕ್ಕವಾಗಿ ಮಾಡಿದ ಬಿಯರ್‌ಗಳು, ಕೆಟ್ಟದ್ದು ಅನ್ನಲು ಏನೂ ಇಲ್ಲ. ಆದರೆ ಕಣ್ಣು ಮುಚ್ಚಿಸಿ ಕುಡಿಸಿದರೆ ಒಂದರಿಂದ ಇನ್ನೊಂದನ್ನು ಬೇರೆ ಮಾಡುವುದು ಪಳಗಿದ ನಾಲಿಗೆಗೂ ಕಷ್ಟ. "ಎಲ್ಲಾ ಪಿಲ್ಸೂ ಒಂದೇ" ಅನ್ನುವ ಮಾತು ಹುಟ್ಟಿದ್ದು ಇವುಗಳಿಂದ ಅಂತ ನನ್ನ ನಂಬಿಕೆ. ಮೂರರಲ್ಲಿ ಒಂದು ಆರಿಸಲೇಬೇಕು ಅಂದರೆ ಫೆಲ್ಟಿನ್ಸ್, ಹಾಪ್ಸ್‌ನ ವಾಸನೆ ನನಗೆ ಅದರಲ್ಲಿ ತುಸು ಹೆಚ್ಚು ಸಿಗುತ್ತದೆ. ಆದರೆ ಯಾವುದಕ್ಕೆ ಆಫರ್ ಇದೆಯೋ ಅದನ್ನೇ ತಗೊಂಡರೂ ನಷ್ಟವಿಲ್ಲ.

ಬಿಟ್‌ಬುರ್ಗರ್

ಇದೂ ಟೀವಿಯಲ್ಲಿ ಬರುತ್ತದೆ, ಇದೂ ಶೇ 4.8. ಆದರೂ ಮೇಲಿನ ಗುಂಪಿಗೆ ಸೇರಿಸಲು ಮನಸ್ಸು ಬರುವುದಿಲ್ಲ. 1817ರಿಂದ ಇರುವ ಮನೆತನದ ಬ್ರೂವರಿ. ಅದರ ಹಾಪ್ಸ್‌ನಲ್ಲಿ ಒಂದು ಪಾಲು ಪಕ್ಕದ ಹೋಲ್ಸ್‌ಟುಮ್ ಹಳ್ಳಿಯ ಹೊಲಗಳಿಂದ ಬರುತ್ತದೆ. ಜರ್ಮನಿಯ ಹೆಚ್ಚಿನ ಹಾಪ್ಸ್ ಬೆಳೆಯುವುದು ಬವೇರಿಯಾದ ಹಾಲರ್‌ಟಾವ್ ಸೀಮೆಯಲ್ಲಿ, ಹಾಗಾಗಿ ಐಫೆಲ್‌ನ ಬೆಟ್ಟದಲ್ಲಿ ಹಾಪ್ಸ್ ತೋಟ ಇರುವುದೇ ವಿಶೇಷ. ರುಚಿ ಹಗುರ, ಗರಿಗರಿ, ಕಹಿ ಮಧ್ಯಮಕ್ಕಿಂತ ಒಂದು ಮೆಟ್ಟಿಲು ಮೇಲೆ. ಬೇಗ ಬಂದು ಬೇಗ ಹೋಗುವ ಕಹಿ ಇದು, ಯೇಫರ್ ಥರ ಗಂಟಲಲ್ಲಿ ಮನೆ ಮಾಡುವುದಿಲ್ಲ. ಡ್ರಾಫ್ಟ್ ಸಿಕ್ಕರೆ ಬಾಟಲಿಗಿಂತ ಎಷ್ಟೋ ಚೆನ್ನ. 1951ರಿಂದ ಬಳಕೆಯಲ್ಲಿರುವ "ಬಿಟ್ಟೆ ಐನ್ ಬಿಟ್" (ದಯವಿಟ್ಟು ಒಂದು ಬಿಟ್) ಅನ್ನುವ ಅವರ ಘೋಷಣೆಯನ್ನು ಪಬ್‌ನಲ್ಲಿ ಆರ್ಡರ್ ಮಾಡಲು ಹಾಗೇ ಬಳಸಬಹುದು, ಜರ್ಮನ್ ಕಲಿಯುತ್ತಿರುವವರಿಗೆ ಅನುಕೂಲ.

ಪಾರ್ಟಿಗೆ ಕ್ರೇಟ್ ತರಬೇಕಾದಾಗ ನಾನು ತರುವುದು ಇದನ್ನೇ. ಕಹಿ ಬೇಡದವರೂ ಕುಡಿಯುತ್ತಾರೆ, ಕಹಿ ಬೇಕಾದವರೂ ಬೇಸರ ಮಾಡಿಕೊಳ್ಳುವುದಿಲ್ಲ.

ರಾಡೆಬೆರ್ಗರ್

ಸ್ಯಾಕ್ಸನಿಯ ಹೆಮ್ಮೆ. ಅಲ್ಲಿನ ದೊರೆ ಮೂರನೇ ಫ್ರೀಡ್‌ರಿಶ್ ಆಗುಸ್ಟ್ 1905ರಲ್ಲಿ ಇದನ್ನು ತನ್ನ ಅರಮನೆಯ ಊಟದ ಪಾನೀಯ ಅಂತ ಆರಿಸಿಕೊಂಡ. ಪೂರ್ವ ಜರ್ಮನಿಯ ಕಾಲದಲ್ಲಿ ಬ್ರೂವರಿ ಸರ್ಕಾರದ ಕೈಗೆ ಹೋಯಿತು, ಬಿಯರ್ ರಫ್ತಿಗೂ ಹೋಗುತ್ತಿತ್ತು. ಈಗ ಜಾಹೀರಾತಿನಲ್ಲಿ ಡ್ರೆಸ್ಡೆನ್‌ನ ಸೆಂಪರ್ ಒಪೆರಾ ಕಟ್ಟಡ ಕಾಣುತ್ತದೆ.

ಶೇ 4.8. ಯೇಫರ್‌ಗಿಂತ ಬಣ್ಣ ಒಂದು ಛಾಯೆ ಗಾಢ. ಮೂಗಿಗೆ ಬಿಸ್ಕತ್ತಿನ ಹಾಗೆ ಮಾಲ್ಟ್, ಜೊತೆಗೆ ಹೂವಿನಂಥ ಹಾಪ್ಸ್. ಕಹಿ ಇದೆ, ಆದರೆ ಮಾಲ್ಟ್‌ನ ಜೊತೆ ಸಮನಾಗಿ ನಡೆಯುತ್ತದೆ. ಪಿಲ್ಸೆನ್ ಊರು ಗಡಿಯಾಚೆ ಅಷ್ಟೇನೂ ದೂರವಿಲ್ಲ ಅನ್ನುವುದು ಇದನ್ನು ಕುಡಿಯುವಾಗ ನೆನಪಾಗುತ್ತದೆ. ಚೆಕ್ ಪಿಲ್ಸ್ ಇಷ್ಟಪಡುವವರು ಜರ್ಮನ್ ಪಿಲ್ಸ್‌ಗೆ ಬರಬೇಕು ಅಂದರೆ ನಾನು ತೋರಿಸುವ ಸೇತುವೆ ಇದು.

ರೋಟ್‌ಹೌಸ್: ಬೆಟ್ಟದ ಮೇಲಿನ ಸರ್ಕಾರಿ ಬ್ರೂವರಿ

ಈಗ ದಕ್ಷಿಣದ ತುದಿಗೆ ಬನ್ನಿ. ಸ್ವಿಟ್ಜರ್ಲೆಂಡ್ ಗಡಿಯ ಹತ್ತಿರ, ಕಪ್ಪು ಕಾಡಿನ ಎತ್ತರದಲ್ಲಿ, ಸಮುದ್ರ ಮಟ್ಟದಿಂದ ಸುಮಾರು 1000 ಮೀಟರ್ ಮೇಲೆ ರೋಟ್‌ಹೌಸ್ ಇದೆ. 1791ರಲ್ಲಿ ಸಾಂಕ್ಟ್ ಬ್ಲಾಸಿಯೆನ್ ಮಠದ ಬೆನೆಡಿಕ್ಟೈನ್ ಸನ್ಯಾಸಿಗಳು ಇದನ್ನು ಶುರು ಮಾಡಿದರು. 1806ರಲ್ಲಿ ಮಠದ ಆಸ್ತಿಯೆಲ್ಲ ಬಾಡೆನ್ ರಾಜ್ಯಕ್ಕೆ ಹೋಯಿತು, ಬ್ರೂವರಿಯೂ ಹೋಯಿತು. ಇವತ್ತಿಗೂ ಅದರ ಒಡೆತನ ಬಾಡೆನ್ ವ್ಯುರ್ಟೆಂಬೆರ್ಗ್ ರಾಜ್ಯ ಸರ್ಕಾರದ್ದು. ಸ್ಟುಟ್‌ಗಾರ್ಟ್‌ನ ಕಾರ್ ಕಂಪನಿಗಳಲ್ಲಿ, ಅವರ ಸಪ್ಲೈಯರ್‌ಗಳಲ್ಲಿ ಕೆಲಸ ಮಾಡುವ ಕನ್ನಡಿಗರು ತುಂಬಾ ಜನ ಇದ್ದಾರೆ, ಅವರ ಫ್ರಿಜ್‌ನಲ್ಲಿ ಈ ಬಾಟಲಿ ಇದ್ದೇ ಇರುತ್ತದೆ.

1956ರಿಂದ ಬರುತ್ತಿರುವ 0.33 ಲೀಟರಿನ ಪುಟ್ಟ ಬಾಟಲಿಯ ಹೆಸರು ಟಾನೆನ್‌ತ್ಸೆಪ್ಫ್ಲೆ. ಚೀಟಿಯ ಮೇಲೆ ಮರದ ಕಾಯಿಗಳು, ಕಪ್ಪು ಕಾಡಿನ ಉಡುಪಿನಲ್ಲಿ ಬಿಯರ್ ಗ್ಲಾಸ್ ಹಿಡಿದು ನಗುವ ಹೆಂಗಸು. ಶೇ 5.1, ಉಳಿದವಕ್ಕಿಂತ ಒಂಚೂರು ಗಟ್ಟಿ. ಹಾಪ್ಸ್ ಹಾಲರ್‌ಟಾವ್‌ನಿಂದ ಮತ್ತು ಬೋಡನ್ ಸರೋವರದ ಹತ್ತಿರದ ಟೆಟ್ನಾಂಗ್‌ನಿಂದ. ಟೆಟ್ನಾಂಗ್ ಹಾಪ್ಸ್‌ನ ವಾಸನೆ ನವಿರು: ಹೂವು, ಸೊಪ್ಪು, ಹಿಂದೆ ಸ್ವಲ್ಪ ಕಾಳುಮೆಣಸು. ಗ್ಲಾಸಿಗೆ ಹಾಕಿದ ತಕ್ಷಣ ಮೂಗು ಹತ್ತಿರ ಒಯ್ಯಿರಿ, ಆ ಮೊದಲ ನಿಮಿಷದಲ್ಲಿ ಅದು ಚೆನ್ನಾಗಿ ಸಿಗುತ್ತದೆ. ಬಾಯಲ್ಲಿ ಜೇನು ಸವರಿದ ಬ್ರೆಡ್ಡಿನಂಥ ಮಾಲ್ಟ್, ಮೆದುವಾದ ಮೈ, ಕಹಿ ನಿಧಾನವಾಗಿ ಕೊನೆಗೆ ಬಂದು ಬಾಯನ್ನು ಶುಚಿ ಮಾಡುತ್ತದೆ. ಹಾಗಲಕಾಯಿ ಗೊಜ್ಜಿನಲ್ಲಿ ಬೆಲ್ಲ ಇರುತ್ತದಲ್ಲ, ಕಹಿ ಇದ್ದೇ ಇರುತ್ತದೆ ಆದರೆ ಬೆಲ್ಲದ ಹಿಂದೆ ಬರುತ್ತದೆ, ರೋಟ್‌ಹೌಸ್‌ನಲ್ಲಿ ಮಾಲ್ಟ್ ಮಾಡುವ ಕೆಲಸ ಅದೇ. ಯೇಫರ್ ಅಂದರೆ ಬೆಲ್ಲ ಹಾಕದ ಹಾಗಲಕಾಯಿ ಪಲ್ಯ.

ಯಾವುದು ಮೇಲು ಅಂತ ಕೇಳಿದರೆ ನನ್ನ ಓಟು ಯೇಫರ್‌ಗೆ. ಆದರೆ ಪಿಲ್ಸ್ ಗೊತ್ತಿಲ್ಲದ ಗೆಳೆಯರಿಗೆ ಮೊದಲು ಕೊಡುವುದು ರೋಟ್‌ಹೌಸ್. ಕಹಿಯಲ್ಲಿ ಏನು ಸುಖವಿದೆ ಅನ್ನುವುದನ್ನು ಅದು ಹೆದರಿಸದೆ ಹೇಳಿಕೊಡುತ್ತದೆ.

ಉತ್ತರ ಕಹಿ, ದಕ್ಷಿಣ ಮೆದು ಅನ್ನುವ ಲೆಕ್ಕಕ್ಕೆ ಅಪವಾದ ಇದೆ ಅಂದೆನಲ್ಲ. ಬವೇರಿಯಾದ ಆಗ್ನೇಯ ಮೂಲೆಯಲ್ಲಿ, ಆಸ್ಟ್ರಿಯಾ ಗಡಿಯ ಹತ್ತಿರ ಶ್ಯೋನ್‌ರಾಮ್ ಅನ್ನುವ ಹಳ್ಳಿ. ಅಲ್ಲಿನ ಬ್ರೂವರಿ 1780ರದ್ದು. ಬಹಳ ವರ್ಷಗಳಿಂದ ಅಲ್ಲಿ ಬಿಯರ್ ಮಾಡುತ್ತಿರುವ ಎರಿಕ್ ಟಾಫ್ಟ್ ಅಮೆರಿಕದಿಂದ ಬಂದವರು. ಹೆಲ್ಲೆಸ್‌ನ ನಾಡಿನ ನಡುವೆ ಇವರ ಪಿಲ್ಸ್ ಹಾಪ್ಸ್ ತುಂಬಿಕೊಂಡು ನಿಲ್ಲುತ್ತದೆ, ಕಹಿಯಲ್ಲಿ ಉತ್ತರದವರಿಗೆ ಸರಿಸಮ, ವಾಸನೆಯಲ್ಲಿ ಅವರಿಗಿಂತ ಸಿರಿವಂತ. ಅದೇ ಬವೇರಿಯಾದ ಬಾಂಬೆರ್ಗ್‌ಗೆ ಹೋದರೆ ಕೇಸ್‌ಮಾನ್‌ನ ಹೆರೆನ್ ಪಿಲ್ಸ್ ಕೇಳಿ. ಎಲ್ಲರೂ ಆ ಊರಿಗೆ ಹೋಗುವುದು ಹೊಗೆ ವಾಸನೆಯ ಬಿಯರ್ ಕುಡಿಯಲು, ಅದರ ಮಧ್ಯೆ ಈ ತಿಳಿ ಪಿಲ್ಸ್ ಅನ್ನು ಮರೆತು ಬರುತ್ತಾರೆ. ಈ ಎರಡೂ ದೂರದ ಊರಿನ ಸೂಪರ್ ಮಾರ್ಕೆಟ್‌ನಲ್ಲಿ ಸುಲಭವಾಗಿ ಸಿಗುವುದಿಲ್ಲ, ಸಿಕ್ಕಾಗ ಬಿಡಬೇಡಿ.

ಬಾಟಲಿ ಎತ್ತುವ ಮುಂಚೆ

ಬ್ರ್ಯಾಂಡ್‌ಗಿಂತ ಮುಖ್ಯವಾದದ್ದು ತಾರೀಖು. ಪಿಲ್ಸ್ ಹಳೆಯದಾದಷ್ಟೂ ಹಾಪ್ಸ್‌ನ ವಾಸನೆ ಮೊದಲು ಹೋಗುತ್ತದೆ, ಆಮೇಲೆ ಒದ್ದೆ ರಟ್ಟಿನ ರುಚಿ ಸೇರಿಕೊಳ್ಳುತ್ತದೆ. ಬಾಟಲಿಯ ಮೇಲೆ ಇರುವುದು "ಇಷ್ಟರೊಳಗೆ ಕುಡಿದರೆ ಒಳ್ಳೆಯದು" ಅನ್ನುವ ದಿನ. ಅದು ಎಷ್ಟು ದೂರ ಇದೆಯೋ ಅಷ್ಟು ತಾಜಾ. ತಾಜಾ ಕ್ರೊಂಬಾಖರ್ ಹಳಸಿದ ಯೇಫರ್‌ಗಿಂತ ಎಷ್ಟೋ ಮೇಲು. ಇದನ್ನು ಯೇಫರ್ ಅಭಿಮಾನಿಯಾಗಿಯೇ ಹೇಳುತ್ತಿದ್ದೇನೆ.

ಪದಾರ್ಥಗಳ ಪಟ್ಟಿಯನ್ನೂ ನೋಡಿ. ನೀರು, ಬಾರ್ಲಿ ಮಾಲ್ಟ್, ಹಾಪ್ಸ್, ಇಷ್ಟೇ ಇರುತ್ತದೆ. 1516ರಲ್ಲಿ ಬವೇರಿಯಾದಲ್ಲಿ ಬಂದ ಶುದ್ಧತೆಯ ಕಾನೂನಿನ ಮುಂದುವರಿಕೆ ಇದು. ನಮ್ಮಲ್ಲಿ ಸಿಗುವ ಮಾಮೂಲಿ ಲಾಗರ್‌ಗಳಲ್ಲಿ ಅಕ್ಕಿಯೋ ಮೆಕ್ಕೆಜೋಳವೋ ಸೇರಿರುವುದು ಸಾಮಾನ್ಯ, ಇಲ್ಲಿ ಅದಕ್ಕೆ ಅವಕಾಶವಿಲ್ಲ. ಹಾಪ್ಸ್ ಜಾಗದಲ್ಲಿ ಕೆಲವರು "ಹೋಪ್ಫೆನ್‌ಎಕ್ಸ್‌ಟ್ರಾಕ್ಟ್" ಅಂತ ಬರೆದಿರುತ್ತಾರೆ, ಅಂದರೆ ಹಾಪ್ಸ್‌ನ ಸಾರ. ಕಾನೂನಿಗೆ ಅದು ವಿರುದ್ಧವಲ್ಲ, ಕಹಿಯೂ ಬರುತ್ತದೆ. ಆದರೂ ಎರಡು ಹೊಸ ಹೆಸರುಗಳ ನಡುವೆ ಆರಿಸಬೇಕಾದಾಗ ನಾನು ಬರೀ ಹಾಪ್ಸ್ ಅಂತ ಬರೆದದ್ದನ್ನು ತಗೊಳ್ಳುತ್ತೇನೆ, ವಾಸನೆ ಸಿಗುವ ಸಾಧ್ಯತೆ ಅಲ್ಲಿ ಜಾಸ್ತಿ.

ಬಾಟಲಿಯಿಂದಲೇ ಕುಡಿಯಬೇಡಿ ದಯವಿಟ್ಟು. ಪಿಲ್ಸ್‌ನ ಅರ್ಧ ರುಚಿ ಮೂಗಿನಲ್ಲಿದೆ, ಬಾಟಲಿಯ ಕಿರಿದಾದ ಬಾಯಿಗೆ ಮೂಗು ಹೋಗುವುದಿಲ್ಲ. ಕಾಲಿರುವ ಟ್ಯುಲಿಪ್ ಆಕಾರದ ಗ್ಲಾಸ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಎಣ್ಣೆ ಜಿಡ್ಡು ಇಲ್ಲದ ಯಾವ ಉದ್ದ ಗ್ಲಾಸ್ ಆದರೂ ಸರಿ. ಜಿಡ್ಡಿದ್ದರೆ ನೊರೆ ನಿಲ್ಲುವುದಿಲ್ಲ. ತಣ್ಣಗೆ ಅಂದರೆ 6ರಿಂದ 8 ಡಿಗ್ರಿ. ನಮ್ಮವರಿಗೆ ಐಸ್‌ನಷ್ಟು ತಣ್ಣಗಿದ್ದರೇ ಬಿಯರ್ ಅನ್ನುವ ಅಭ್ಯಾಸ, ಆದರೆ ಅಷ್ಟು ತಣ್ಣಗೆ ಕುಡಿದರೆ ನಾಲಿಗೆ ಮರಗಟ್ಟಿ ಯೇಫರ್‌ಗೂ ಇನ್ನೊಂದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಒಳ್ಳೆಯ ಪಿಲ್ಸ್ ಸುರಿಯಲು ಏಳು ನಿಮಿಷ ಬೇಕು ಅಂತ ಜರ್ಮನಿಯಲ್ಲಿ ಹಳೆಯ ಮಾತೊಂದಿದೆ, ಅದನ್ನು ನಂಬಿ ಕಾಯಬೇಡಿ. ಅಷ್ಟು ಹೊತ್ತಿಗೆ ಗ್ಯಾಸ್ ಹೋಗಿ ಬಿಯರ್ ಸಪ್ಪೆಯಾಗಿರುತ್ತದೆ. ಎರಡು ಮೂರು ಸಲಕ್ಕೆ ಸುರಿದು ನೊರೆ ಕಟ್ಟಿದರೆ ಸಾಕು. ಹಳೆಯ ಪಬ್‌ಗಳಲ್ಲಿ ಗ್ಲಾಸಿನ ಕಾಲಿಗೆ ಹೂವಿನ ಆಕಾರದ ಪುಟ್ಟ ಕಾಗದ ಸಿಕ್ಕಿಸಿ ಕೊಡುತ್ತಾರೆ, ಇಳಿಯುವ ಹನಿ ಹೀರಿಕೊಳ್ಳಲಿ ಅಂತ. ಅದು ಕಂಡರೆ ಪಿಲ್ಸ್ ಬಗ್ಗೆ ಕಾಳಜಿ ಇರುವ ಜಾಗ ಅಂತ ತಿಳಿಯಬಹುದು.

ನಮ್ಮ ಅಡುಗೆ ಜೊತೆ

ಜರ್ಮನಿಯಲ್ಲಿ ಮನೆಯಲ್ಲೇ ಅಡುಗೆ ಮಾಡುವ ಕನ್ನಡಿಗರಿಗೆ ಇದು ಉಪಯೋಗವಾಗುತ್ತದೆ. ಖಾರ ಜಾಸ್ತಿ ಇರುವ ಊಟಕ್ಕೆ ಯೇಫರ್ ಬೇಡ. ಕಹಿ ಖಾರವನ್ನು ಇನ್ನೂ ಎತ್ತಿ ತೋರಿಸುತ್ತದೆ, ಕೋಳಿ ಸುಕ್ಕಾ ಜೊತೆ ಕುಡಿದರೆ ಬಾಯಿ ಉರಿಯುತ್ತದೆ. ಅದಕ್ಕೆ ರೋಟ್‌ಹೌಸ್ ಅಥವಾ ರಾಡೆಬೆರ್ಗರ್ ಸರಿ, ಮಾಲ್ಟ್‌ನ ಸಿಹಿ ಉರಿಯನ್ನು ತಗ್ಗಿಸುತ್ತದೆ. ಯೇಫರ್‌ನ ಜಾಗ ಕರಿದ ತಿಂಡಿಯ ಪಕ್ಕ. ಈರುಳ್ಳಿ ಬಜ್ಜಿ, ನಿಪ್ಪಟ್ಟು, ಕೋಡುಬಳೆ, ರವೆ ಹಚ್ಚಿ ಕರಿದ ಮೀನು: ಬಾಯಿಗೆ ಅಂಟಿದ ಎಣ್ಣೆಯನ್ನು ಆ ಒಣ ಕಹಿ ಒರೆಸಿಕೊಂಡು ಹೋಗುತ್ತದೆ. ತೆಂಗಿನಕಾಯಿ ರುಬ್ಬಿ ಹಾಕಿದ ಮೀನು ಸಾರಿಗೆ ಮಾತ್ರ ಯಾವ ಪಿಲ್ಸೂ ನನಗೆ ಹೊಂದಿಲ್ಲ.

ಬೆಂಗಳೂರಿನಲ್ಲಿ ಇರುವವರು ಆಮದು ಬಾಟಲಿ ನೋಡಿದರೆ ಮೊದಲು ತಾರೀಖು ನೋಡಿ. ಹಡಗಿನಲ್ಲಿ, ಗೋದಾಮಿನ ಬಿಸಿಯಲ್ಲಿ ತಿಂಗಳು ಕಳೆದ ಪಿಲ್ಸ್‌ಗೆ ಅಷ್ಟು ದುಡ್ಡು ಕೊಡುವ ಬದಲು ಊರಿನ ಬ್ರೂಪಬ್‌ನಲ್ಲಿ ಪಿಲ್ಸ್ ಇದೆಯಾ, ಯಾವಾಗ ಮಾಡಿದ್ದು, ಯಾವ ಹಾಪ್ಸ್ ಅಂತ ಕೇಳಿ. ಅಲ್ಲಿ ಗೋಧಿ ಬಿಯರ್‌ನಷ್ಟು ಪಿಲ್ಸ್ ಸಿಗುವುದಿಲ್ಲ, ಆದರೆ ಸಿಕ್ಕರೆ ಅದರ ತಾಜಾತನಕ್ಕೆ ಹಡಗಿನ ಬಾಟಲಿ ಸಾಟಿಯಲ್ಲ.

ಆಲ್ಕೋಹಾಲ್ ಬೇಡದವರಿಗೂ ದಾರಿ ಇದೆ. ಯೇಫರ್ ಫನ್ ಅಂತ ಆಲ್ಕೋಹಾಲ್ ತೆಗೆದ ಬಿಯರ್ ಬರುತ್ತದೆ, ಕಹಿ ಅದರಲ್ಲೂ ಇದೆ. ಬಿಟ್‌ಬುರ್ಗರ್ 0.0 ಇನ್ನೂ ಮೆದು. ಗಾಡಿ ಓಡಿಸುವ ದಿನ ಇವುಗಳಲ್ಲಿ ಒಂದನ್ನು ತಗೊಳ್ಳಿ.

ಇದನ್ನೆಲ್ಲ ಓದಿದ ಮೇಲೂ ಯಾವುದು ಅಂತ ತಿಳಿಯದಿದ್ದರೆ ಕ್ರೇಟ್ ಕೊಳ್ಳಬೇಡಿ. ಒಂದೊಂದೇ ಬಾಟಲಿ ತನ್ನಿ: ರೋಟ್‌ಹೌಸ್, ರಾಡೆಬೆರ್ಗರ್, ಬಿಟ್‌ಬುರ್ಗರ್, ಯೇಫರ್. ಇಬ್ಬರು ಮೂವರು ಸೇರಿ ಪುಟ್ಟ ಗ್ಲಾಸ್‌ಗಳಿಗೆ ಹಂಚಿಕೊಂಡು ಇದೇ ಕ್ರಮದಲ್ಲಿ ಕುಡಿಯಿರಿ, ಮೆದುವಿನಿಂದ ಕಹಿಯ ಕಡೆಗೆ. ತಿರುಗುಮುರುಗು ಮಾಡಿದರೆ ಯೇಫರ್ ಆದಮೇಲೆ ಉಳಿದವೆಲ್ಲ ನೀರು ಅನ್ನಿಸುತ್ತವೆ, ಅದು ಅವುಗಳಿಗೆ ಅನ್ಯಾಯ. ಮಧ್ಯೆ ಮಧ್ಯೆ ಸಪ್ಪೆ ಬ್ರೆಡ್ ತಿನ್ನಿ, ನೀರು ಕುಡಿಯಿರಿ. ಎಲ್ಲಾ ಆದಮೇಲೆ ಯಾವ ಬಾಟಲಿಯಲ್ಲಿ ಉಳಿದದ್ದಕ್ಕೆ ಕೈ ಮೊದಲು ಹೋಗುತ್ತದೆ ನೋಡಿ, ಮುಂದಿನ ವಾರ ಅದರದ್ದೇ ಒಂದು ಕ್ರೇಟ್ ತನ್ನಿ.